ದಿಬ್ಬದ ಹುಲ್ಲು, ತಗ್ಗಿನ ಹುಲ್ಲು

ಹುಲ್ಲಿನ ಮೇಲೆ ಮಲಗಿಸುವ ಒಂದು ಉಷ್ಣಮಾಪಕವಿದೆ. ಒಳಗೆ ಪಾದರಸದ ಬದಲು ಮದ್ಯಸಾರ, ಅದರಲ್ಲಿ ಗುಂಡುಸೂಜಿಯಂಥ ಒಂದು ಕಪ್ಪು ಕಡ್ಡಿ. ರಾತ್ರಿ ತಂಪಾದಂತೆ ಮದ್ಯಸಾರ ಕುಗ್ಗುತ್ತ ಆ ಕಡ್ಡಿಯನ್ನೂ ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ. ಬೆಳಗಾಗಿ ಬಿಸಿ ಏರಿದಾಗ ಮದ್ಯಸಾರ ಮುಂದೆ ಸರಿಯುತ್ತದೆ. ಕಡ್ಡಿ ಅಲ್ಲಿಯೇ ಉಳಿಯುತ್ತದೆ. ಅದು ನಿಂತ ಜಾಗವನ್ನು ಓದಿದರೆ ಆ ರಾತ್ರಿ ನೆಲದ ಹತ್ತಿರ ಎಷ್ಟು ಚಳಿ ಇತ್ತೆಂದು ತಿಳಿಯುತ್ತದೆ. ಆದರೆ ಎಲ್ಲಿ ಮಲಗಿಸಿದ್ದೇವೋ ಅಲ್ಲಿಯ ಚಳಿಯನ್ನಷ್ಟೇ ಅದು ಹೇಳಬಲ್ಲದು. ಮಲಗಿಸುವ ಕೆಲಸ ನನ್ನದಾಗಿತ್ತು.

ಎರಡನೆಯ ಮಹಾಯುದ್ಧದ ಕಾಲ. ಪುಣೆಯ ಪೂರ್ವಕ್ಕೆ, ಊರು ಮುಗಿದ ಮೇಲಿನ ಬಯಲಿನಲ್ಲಿ, ವಿಮಾನ ಇಳಿಯುವ ಪಟ್ಟಿಯೊಂದನ್ನು ಮಾಡಿದ್ದರು. ಪಟ್ಟಿಯ ಒಂದು ತುದಿ ದಿಬ್ಬದ ಮೇಲಿತ್ತು. ಇನ್ನೊಂದು ತುದಿ ಇಳಿಯುತ್ತ ಹೋಗಿ ಒಂದು ಹಳ್ಳದ ಹತ್ತಿರ ಮುಗಿಯುತ್ತಿತ್ತು. ದಿಬ್ಬದ ಮೇಲೆ ನಮ್ಮ ಹವಾ ಠಾಣೆ: ಒಂದು ಕೋಣೆ, ಮುಂದೆ ಪಡಸಾಲೆ, ಒಂದು ಟೆಲಿಫೋನು, ಅಂಗಳದಲ್ಲಿ ಉಷ್ಣಮಾಪಕಗಳನ್ನಿಟ್ಟ ಜಾಲರಿಯ ಬಿಳಿ ಪೆಟ್ಟಿಗೆ. ಹಗಲಿನ ವೀಕ್ಷಕ ಖಡಕಿಯಿಂದ ಸೈಕಲ್ಲಿನ ಮೇಲೆ ಬಂದು ಹೊತ್ತು ಮುಳುಗುವ ಮೊದಲೇ ಮರಳುತ್ತಿದ್ದ. ಸಂಜೆಯಿಂದ ಬೆಳಗಿನವರೆಗಿನ ಪಾಳಿ ನನ್ನದು. ಧಾರವಾಡದ ಕಡೆಯ ಹಳ್ಳಿಯಿಂದ ಮ್ಯಾಟ್ರಿಕ್ ಪಾಸಾಗಿ, ಸ್ವಲ್ಪ ಕಾಲ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ, ಈ ನೌಕರಿಗೆ ಬಂದವನು ನಾನು. ಸಂಸಾರವನ್ನು ಅಲ್ಲಿ ಇಟ್ಟುಕೊಳ್ಳಲು ಪರವಾನಗಿ ಇರಲಿಲ್ಲ. ಹೆಂಡತಿ ಊರಲ್ಲಿದ್ದಳು. ಸ್ಟೋವಿನ ಮೇಲೆ ನಾನೇ ರೊಟ್ಟಿ ಬಡಿದುಕೊಳ್ಳುತ್ತಿದ್ದೆ. ಎಷ್ಟೋ ದಿನ, ಟೆಲಿಫೋನಿನಲ್ಲಿ ಆಡಿದ್ದನ್ನು ಬಿಟ್ಟರೆ ನನ್ನ ಬಾಯಿಂದ ಮಾತೇ ಹೊರಟಿರುತ್ತಿರಲಿಲ್ಲ.

ಟೆಲಿಫೋನಿನ ಆ ತುದಿಗೆ ಇದ್ದವರು ಊರೊಳಗಿನ ಕಚೇರಿಯ ಮುನ್ಸೂಚನೆಯ ಅಧಿಕಾರಿ. ಬೆಳಗಾವಿಯವರು, ವಯಸ್ಸಿನಲ್ಲಿ ನನಗಿಂತ ಸಣ್ಣವರು, ದೊಡ್ಡ ಪದವಿ ಓದಿದವರು. ಮೊದಲು ಅಂಕಿಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಿದ್ದರು. ಆಮೇಲೆ ದನಿ ಬದಲಾಗುತ್ತಿತ್ತು.

"ಮಾಸ್ತರ, ಊಟಾ ಆತೇನ್ರಿ?"

"ಇನ್ನೂ ಇಲ್ರಿ ಸಾಹೇಬರ."

"ಇವತ್ತ ಏನ್ ಮಾಡೀರಿ?"

"ನಿನ್ನಿದೇ ಪಲ್ಯಾರಿ."

"ಅಯ್ಯ, ನಿನ್ನಿ ಕೇಳಿದಾಗೂ ನಿನ್ನಿದೇ ಅಂದಿದ್ರಿ. ಅದು ಯಾವ ಕಾಲದ ಪಲ್ಯಾರೀ?"

ನಾನು ಶಾಲೆಯಲ್ಲಿ ಕಲಿಸಿದ್ದೆನೆಂದು ತಿಳಿದಾಗಿನಿಂದ ಅವರು ನನ್ನನ್ನು ಮಾಸ್ತರ ಎಂದೇ ಕರೆಯುತ್ತಿದ್ದರು. ತಿಂಗಳಿಗೊಮ್ಮೆ ಉಪಕರಣಗಳನ್ನು ನೋಡಲು ಬರುವಾಗ ರೊಟ್ಟಿಗೆ ನೆಂಚಿಕೊಳ್ಳಲು ಮನೆಯಿಂದ ಶೇಂಗಾ ಹಿಂಡಿ ತರುತ್ತಿದ್ದರು.

ಬೆಳಗಿನ ಮಂಜನ್ನು ಹಿಂದಿನ ಸಂಜೆಯೇ ಹೇಳುವ ಒಂದು ರೀತಿಯನ್ನು ಅವರು ಹುಡುಕುತ್ತಿದ್ದರು. ಗಾಳಿಯಲ್ಲಿ ನೀರಿನ ಆವಿ ಎಷ್ಟಿದೆ ಎಂಬುದನ್ನು ಒಣ ಮತ್ತು ಒದ್ದೆ ಉಷ್ಣಮಾಪಕಗಳ ವ್ಯತ್ಯಾಸದಿಂದ ತಿಳಿಯಬಹುದು. ಎಷ್ಟು ಡಿಗ್ರಿಗೆ ಇಳಿದರೆ ಆ ಆವಿ ನೀರಾಗುತ್ತದೋ ಅದು ಇಬ್ಬನಿ ಬಿಂದು. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತದೆ. ಅದರ ಮೇಲಿನ ಗಾಳಿಯೂ ತಣ್ಣಗಾಗಿ, ಭಾರವಾಗಿ, ನೀರಿನ ಹಾಗೆ ಇಳಿಜಾರಿಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಅದು ಇಬ್ಬನಿ ಬಿಂದುವಿಗಿಂತ ಸಾಕಷ್ಟು ಕೆಳಗಿಳಿದರೆ ಮಂಜು. ಹಿಂದಿನ ರಾತ್ರಿಗಳಲ್ಲಿ ಸಂಜೆಯಿಂದ ಬೆಳಗಿನವರೆಗೆ ತಗ್ಗಿನ ಹುಲ್ಲು ಎಷ್ಟು ಡಿಗ್ರಿ ಇಳಿದಿತ್ತು ಎಂಬುದರ ಮೇಲೆ ಇವತ್ತಿನ ಇಳಿತವನ್ನು ಅವರು ಅಂದಾಜು ಮಾಡುತ್ತಿದ್ದರು. ಅಡ್ಡಕ್ಕೆ ಇಬ್ಬನಿ ಬಿಂದು, ಎತ್ತರಕ್ಕೆ ಬೆಳಗಿನ ಹುಲ್ಲಿನ ಅಂದಾಜು ಉಷ್ಣತೆ ಹಿಡಿದು ಚೌಕುಳಿ ಕಾಗದದ ಮೇಲೆ ಒಂದು ಓರೆ ಗೆರೆ ಎಳೆದಿದ್ದರು. ಆ ದಿನದ ಚುಕ್ಕೆ ಗೆರೆಯ ಕೆಳಗೆ ಬಿದ್ದರೆ ಮಂಜು, ಮೇಲೆ ಬಿದ್ದರೆ ಇಲ್ಲ. ಎರಡು ಚಳಿಗಾಲ ಆ ಗೆರೆ ಹೆಚ್ಚುಕಡಿಮೆ ಸರಿಯಾಗಿಯೇ ನಡೆದಿತ್ತು. ಮೂರನೆಯದೂ ಸರಿಹೋದರೆ ಆ ರೀತಿಯನ್ನು ಒಪ್ಪಿಕೊಳ್ಳುತ್ತೇನೆಂದೂ, ಕೆಲಸ ಮುಂದುವರಿಸಲು ಅವರನ್ನು ಪುಣೆಯಲ್ಲಿಯೇ ಇಡುತ್ತೇನೆಂದೂ ಹಿರಿಯ ಅಧಿಕಾರಿ ಹೇಳಿದ್ದರು. ಇಲ್ಲದಿದ್ದರೆ ಗೆರೆಯೂ ಇಲ್ಲ, ಪುಣೆಯೂ ಇಲ್ಲ.

ಮಂಜು ಮೊದಲು ಹುಟ್ಟುತ್ತಿದ್ದುದು ಹಳ್ಳದ ತುದಿಯಲ್ಲಿ. ಆದ್ದರಿಂದ ಹುಲ್ಲಿನ ಉಷ್ಣಮಾಪಕವನ್ನು ಮಲಗಿಸುವ ಜಾಗವನ್ನೂ ಅಲ್ಲಿಯೇ ಗೊತ್ತುಮಾಡಿದ್ದರು. ಸೂರ್ಯ ಮುಳುಗುವ ಹೊತ್ತಿಗೆ ನಾನು ಅದನ್ನು ಡಬ್ಬಿಯಲ್ಲಿ ಒಯ್ದು, ಬುಡವನ್ನು ಮೇಲೆತ್ತಿ ಕಡ್ಡಿಯನ್ನು ಮದ್ಯಸಾರದ ಅಂಚಿಗೆ ತಂದು, ಎರಡು ಕವೆಗೋಲುಗಳ ಮೇಲೆ ಹುಲ್ಲಿನ ತುದಿ ತಾಕುವಂತೆ ಮಲಗಿಸಿ ಬರಬೇಕು. ನಸುಕಿನಲ್ಲಿ ಹೋಗಿ ಓದಿ, ಬಿಸಿಲು ಬೀಳುವ ಮೊದಲು ಒಳಗೆ ತರಬೇಕು. ಹೋಗಲು ಕಾಲು ತಾಸು, ಬರಲು ಕಾಲು ತಾಸು.

ಮೂರನೆಯ ಚಳಿಗಾಲದ ಆರಂಭಕ್ಕೆ ಆ ತಗ್ಗಿನ ಸುತ್ತ ಮುಳ್ಳುತಂತಿ ಬಂತು. ತಂತಿಯ ಬಾಗಿಲಿಗೆ ರಾತ್ರಿಯ ಪಹರೆ ಬಂತು. ಮೊದಲ ನಸುಕಿನಲ್ಲಿ ಕತ್ತಲೊಳಗಿಂದ ಕೂಗು ಕೇಳಿಸಿತು.

"ಥಮ್! ಕೌನ್ ಹೈ? ಹಾಥ್ ಊಪರ್!"

ಕೈ ಎತ್ತಿದೆ. ಒಂದು ಕೈಯಲ್ಲಿ ಡಬ್ಬಿ ಇತ್ತು.

"ಡಬ್ಬಾ ಕಿಸ್ ಚೀಜ್ ಕಾ ಹೈ?"

"ಥರ್ಮಾಮೀಟರ್ ಕಾ."

"ಥರ್ಮಾಮೀಟರ್? ಕಿಸ್ ಕೋ ಬುಖಾರ್ ಹೈ?"

ನನಗೆ ಹಿಂದಿ ಅಷ್ಟಕ್ಕಷ್ಟೇ. ಯಾರಿಗೆ ಜ್ವರ ಎಂದು ಕೇಳಿದನೆಂದು ತಿಳಿಯಿತು. ಉತ್ತರ ಹೇಗೆ ಹೇಳಬೇಕೋ ತಿಳಿಯಲಿಲ್ಲ. "ಘಾಸ್ ಕೋ" ಎಂದುಬಿಟ್ಟೆ. ಹುಲ್ಲಿಗೆ.

ಅವನು ಬಿದ್ದುಬಿದ್ದು ನಕ್ಕ. ನಕ್ಕು ಮುಗಿದ ಮೇಲೆ ಬಂದೂಕು ಇಳಿಸಲಿಲ್ಲ. ಹವಾಲ್ದಾರ ಬರುವವರೆಗೆ ನನ್ನನ್ನು ಇಬ್ಬನಿ ತುಂಬಿದ ಹುಲ್ಲಿನಲ್ಲಿ ಮೊಣಕಾಲೂರಿ ಕೂರಿಸಿದ. ಧೋತರ ತೊಯ್ದು ತೊಡೆಗೆ ಅಂಟಿತು. ಕೋಟು ಟೋಪಿ ಹಾಕಿಕೊಂಡ ಮ್ಯಾಟ್ರಿಕ್ ಪಾಸಾದ ಮನುಷ್ಯ, ಒಂದು ಕಾಲಕ್ಕೆ ಶಾಲೆಯಲ್ಲಿ ಮಕ್ಕಳಿಗೆ ಮೊಣಕಾಲೂರುವ ಶಿಕ್ಷೆ ಕೊಟ್ಟವನು, ಎರಡೂ ಕೈ ಮೇಲೆತ್ತಿ ಕುಳಿತಿದ್ದೆ. ಹವಾಲ್ದಾರ ಬಂದು ಬಿಡಿಸಿದ. ಆದರೆ ಪಹರೆಯವರು ಪಾಳಿಯಲ್ಲಿ ಬದಲಾಗುತ್ತಿದ್ದರು, ಮತ್ತು ಪ್ರತಿ ಹೊಸಬನಿಗೂ ನನ್ನನ್ನು ಹೊಸದಾಗಿ ತಡೆಯುವ ಹಕ್ಕು ಇತ್ತು. ಹಳಬರು ದೂರದಿಂದಲೇ ಕೂಗುತ್ತಿದ್ದರು: "ಆಓ, ಘಾಸ್ ಕೇ ಡಾಕ್ಟರ್! ಮರೀಜ್ ಕೈಸಾ ಹೈ?" ರೋಗಿ ಹೇಗಿದ್ದಾನೆ ಎಂದು.

ಸಾಹೇಬರಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಬೇಕೆಂದು ಎಷ್ಟೋ ಸಲ ಟೆಲಿಫೋನು ಎತ್ತಿದೆ. ಮೊಣಕಾಲ ಮೇಲೆ ಕುಳಿತಿದ್ದನ್ನು ಅವರಿಗೆ ಹೇಳುವುದು, ಅದೂ ಕನ್ನಡದಲ್ಲಿ, ನನ್ನಿಂದ ಆಗಲಿಲ್ಲ. ಇಂಗ್ಲಿಷಿನಲ್ಲಿ ಮಾತಾಡುವ ಬೇರೆ ಯಾವ ಅಧಿಕಾರಿಗಾದರೂ ಹೇಳುತ್ತಿದ್ದೆನೇನೋ.

ಒಂದು ಸಂಜೆ ಡಬ್ಬಿ ಹಿಡಿದು ಹೊರಟವನು ಅಂಗಳ ದಾಟಿ ನಿಂತೆ. ಬಿಳಿ ಪೆಟ್ಟಿಗೆಯ ಹಿಂದೆ ಹುಲ್ಲಿತ್ತು. ತಗ್ಗಿನ ಹುಲ್ಲಿನಂಥದೇ ಹುಲ್ಲು. ಎರಡು ಕವೆಗೋಲು ಚುಚ್ಚಿ ಅಲ್ಲಿಯೇ ಮಲಗಿಸಿದೆ. ಒಂದು ರಾತ್ರಿಗೆ ಎಂದುಕೊಂಡೆ. ಮರುದಿನವೂ ಅಲ್ಲಿಯೇ.

ದಿಬ್ಬದ ಮೇಲಿನ ತಣ್ಣನೆಯ ಗಾಳಿ ಅಲ್ಲಿ ನಿಲ್ಲದೆ ಇಳಿದು ಹೋಗುತ್ತದೆ. ಹಾಗಾಗಿ ನನ್ನ ಅಂಕಿಗಳು ತಗ್ಗಿನ ಚಳಿಗಿಂತ ಮೇಲೇ ಇರುತ್ತಿದ್ದವು. ಅದು ನನಗೆ ಗೊತ್ತಿತ್ತು, ಸಾಹೇಬರೇ ಕಲಿಸಿದ್ದರು. ಎಷ್ಟು ಮೇಲೆ ಎಂದು ಗೊತ್ತಿರಲಿಲ್ಲ. ಹೆಚ್ಚಿರಲಾರದು ಎಂದು ಸಮಾಧಾನ ಮಾಡಿಕೊಂಡೆ.

ಗೆರೆ ತಪ್ಪತೊಡಗಿತು. ಚುಕ್ಕೆ ಗೆರೆಯ ಮೇಲೆ ಬಿದ್ದ ದಿನಗಳಲ್ಲಿಯೂ ಹಳ್ಳದಿಂದ ಮಂಜು ಎದ್ದು ಪಟ್ಟಿಯ ತುದಿಯನ್ನು ನುಂಗುತ್ತಿತ್ತು. ಸಾಹೇಬರು ಕಾರಣ ಹುಡುಕಲು ಹೊರಟರು. ಒದ್ದೆ ಉಷ್ಣಮಾಪಕದ ಮಲ್‌ಮಲ್ ಬಟ್ಟೆಯಲ್ಲಿ ಧೂಳು ಕೂತಿದೆಯೇ ನೋಡಿ ಎಂದರು. ಬದಲಾಯಿಸಿದೆ. ನೀರು ಬಟ್ಟಿ ಇಳಿಸಿದ್ದೋ ಬಾವಿಯದೋ ಎಂದು ಕೇಳಿದರು. ಬಟ್ಟಿಯದೇ. ಗಾಳಿಯ ವೇಗ ಅಳೆಯಲು ಕಂಬದ ಮೇಲೆ ತಿರುಗುವ ಬಟ್ಟಲುಗಳಿಗೆ ಎಣ್ಣೆ ಹಾಕಿಸಿದರು. ಎರಡು ಚಳಿಗಾಲಗಳ ಲೆಕ್ಕವನ್ನು ಮೊದಲಿನಿಂದ ಮತ್ತೆ ಮಾಡಿದರು. ಕೊನೆಗೊಂದು ಸಂಜೆ, ಹಿಂಜರಿಯುತ್ತ, ಕೇಳಿದರು.

"ಮಾಸ್ತರ, ಸಿಟ್ಟಿಗೇಳಬ್ಯಾಡ್ರಿ. ಹುಲ್ಲಿನ ಜಾಗಾ ಅದ ಅಲ್ರಿ? ಬದಲಾಗಿಲ್ಲಲ್ಲ?"

"ಅದ ಜಾಗಾರಿ ಸಾಹೇಬರ."

"ನನಗ ಗೊತ್ತದ. ಸುಮ್ನ ಕೇಳಿದೆ. ಹಂಗಾರ ನನ್ನ ಗೆರೀನ ಸೊಟ್ಟ ಅದ."

ಆ ತಿಂಗಳು ಅವರು ಬರುತ್ತೇನೆಂದು ತಿಳಿಸಿದಾಗ ಒಂದು ದಿನ ಮುಂಚೆಯೇ ತಗ್ಗಿಗೆ ಹೋಗಿ ಹಳೆಯ ಜಾಗದಲ್ಲಿ ಮಲಗಿಸಿ ಬಂದೆ. ಪಹರೆಯವನು ಬಹಳ ದಿನಗಳ ಮೇಲೆ ಡಾಕ್ಟರರ ದರ್ಶನವಾಯಿತೆಂದು ಸಲಾಮು ಹೊಡೆದ. ಬೆಳಗ್ಗೆ ಸಾಹೇಬರು ಸ್ವತಃ ಮೊಣಕಾಲೂರಿ ಕಡ್ಡಿಯನ್ನು ಓದಿದರು. ಅಂಕಿ ಗೆರೆಗೆ ಸರಿಯಾಗಿ ಕೂತಿತು.

"ನೋಡ್ರಿ ಇದರ ನಖರಾ! ನಾ ಬಂದ್ರ ಬರೋಬ್ಬರಿ, ನಾ ಇಲ್ಲಂದ್ರ ತಪ್ಪು. ನಿಮ್ಮ ಥರ್ಮಾಮೀಟರಿಗೆ ನನ್ನ ಮ್ಯಾಲೆ ಭಾಳ ಪ್ರೀತಿ ಕಾಣಸ್ತದ" ಎಂದು ನಕ್ಕರು. ನಾನೂ ನಕ್ಕೆ. ಹಿಂಡಿಯ ಡಬ್ಬಿ ಕೊಟ್ಟು ಹೋದರು. ಆ ಸಂಜೆ ಉಷ್ಣಮಾಪಕ ಮತ್ತೆ ದಿಬ್ಬದ ಹುಲ್ಲಿಗೆ ಬಂತು.

ಡಿಸೆಂಬರಿನಲ್ಲಿ ಎರಡು ದಿನ ಮೋಡ ಕವಿದು ಅಕಾಲದ ಹನಿ ಬಿತ್ತು. ಮೂರನೆಯ ದಿನ ಮಧ್ಯಾಹ್ನ ಆಕಾಶ ತೊಳೆದಿಟ್ಟ ಹಾಗೆ ತಿಳಿಯಾಯಿತು. ಸಂಜೆಗೆ ಗಾಳಿ ನಿಂತಿತು. ನೆಲ ಒದ್ದೆ, ಆಕಾಶ ಬರಿದು, ಬಟ್ಟಲುಗಳು ಅಲುಗುತ್ತಿಲ್ಲ. ನಾನು ಮ್ಯಾಟ್ರಿಕ್‌ನವನಾದರೂ ಅಷ್ಟು ಕಾಲ ಅದೇ ಕೆಲಸ ಮಾಡಿದ್ದೆ. ಅಂಕಿಗಳನ್ನು ಹೇಳಿದ ಮೇಲೆ ಟೆಲಿಫೋನು ಇಡಲಿಲ್ಲ.

"ಸಾಹೇಬರ, ನಾಳೆ ಮಂಜ ಬೀಳತದ ಅನಸ್ತದ್ರಿ."

"ಇಲ್ಲಲ್ರಿ. ನಿಮ್ಮ ಹುಲ್ಲಿನ ಇಳತಾ ನೋಡಿದ್ರ ಚುಕ್ಕಿ ಗೆರಿ ಮ್ಯಾಲೆ ಕೂಡತದ. ನಸುಕಿನ್ಯಾಗ ಟಪಾಲು ಔಷಧ ತೊಗೊಂಡು ಒಂದು ಸಣ್ಣ ವಿಮಾನ ಬರೂದದ. ಆಗಲಿ ಅಂತ ಹೇಳಬೇಕೋ ಬ್ಯಾಡ ಅನಬೇಕೋ, ಈಗ ಹೇಳಬೇಕು."

"ಆದ್ರೂ ನನಗ್ಯಾಕೋ..."

"ಮಾಸ್ತರ, ಅನಸೂದರ ಮ್ಯಾಲೆ ಹೇಳೂದಿದ್ರ ಇಷ್ಟು ವರ್ಷ ನಾವಿಬ್ರೂ ಯಾಕ ಚಳಿ ಅಳದಿವಿ? ಅಂಕಿ ಏನರ ಬ್ಯಾರೆ ಅದಾವೇನು?"

ಅವರು ಕಾದರು. ತಂತಿಯೊಳಗೆ ಗುಯ್ ಎನ್ನುವ ಸದ್ದು.

"ಇಲ್ರಿ. ಅವ ಅಂಕಿ" ಎಂದೆ.

ಮಂಜಿಲ್ಲ ಎಂಬ ಮುನ್ಸೂಚನೆ ಹೋಯಿತು.

ನಸುಕಿನಲ್ಲಿ ಬಾಗಿಲು ತೆರೆದಾಗ ದಿಬ್ಬದ ಮೇಲೆ ನಕ್ಷತ್ರಗಳು ಕಾಣುತ್ತಿದ್ದವು. ಕೆಳಗೆ ಪಟ್ಟಿಯ ಅರ್ಧ ಇರಲಿಲ್ಲ. ಹಳ್ಳ, ತಂತಿ, ಪಹರೆಯ ಗೂಡು ಯಾವುದೂ ಇರಲಿಲ್ಲ. ಬಿಳಿ ಮೆಲ್ಲಗೆ ದಿಬ್ಬವನ್ನು ಏರುತ್ತಿತ್ತು. ಟೆಲಿಫೋನು ಮಾಡಿ ತಿಳಿಸುವಷ್ಟರಲ್ಲಿ ಮೇಲೆ ಸದ್ದು ಕೇಳಿಸಿತು. ವಿಮಾನ ಒಂದು ಸುತ್ತು ಹಾಕಿತು. ಇನ್ನೊಂದು ಸುತ್ತಿಗೆ ಕೆಳಗಿಳಿಯಿತು. ಅಷ್ಟು ಹತ್ತಿರ ಬಂತೆಂದರೆ ಕೋಣೆಯ ಗಾಜು ನಡುಗಿತು, ಆದರೆ ಕಾಣಲಿಲ್ಲ. ಅಷ್ಟರಲ್ಲಿ ಮಂಜು ನನ್ನ ಕಾಲ ಬಳಿಗೂ ಬಂದಿತ್ತು. ಅಂಗಳದಲ್ಲಿ ಲಾಟೀನು ಹಿಡಿದು ನಿಂತೆ. ಆ ಲಾಟೀನು ಯಾರಿಗೂ ಕಾಣುವಂತಿರಲಿಲ್ಲ. ಸದ್ದು ಇನ್ನೊಮ್ಮೆ ಸುತ್ತಿ ದಕ್ಷಿಣಕ್ಕೆ ಹೋಗಿ ಕರಗಿತು. ಆಮೇಲೆ ಉಳಿದದ್ದು ಹುಲ್ಲಿನಿಂದ ಹನಿ ತೊಟ್ಟಿಕ್ಕುವ ಸದ್ದು.

ಮಧ್ಯಾಹ್ನ ಸುದ್ದಿ ಬಂತು. ಸಾಸವಡದ ಕಡೆ, ಮಂಜಿಲ್ಲದ ಎತ್ತರದ ಒಂದು ಹೊಲದಲ್ಲಿ ವಿಮಾನ ಇಳಿದಿತ್ತು. ಗಾಲಿ ಮುರಿದು ಮಗುಚಿ ಪೈಲಟನ ಕಾಲು ಮುರಿದಿತ್ತು. ಜೀವ ಉಳಿದಿತ್ತು.

ಹಿರಿಯ ಅಧಿಕಾರಿ ಗೆರೆಯನ್ನು ನಿಲ್ಲಿಸಿದರು. ಸಾಹೇಬರಿಗೆ ಪೂರ್ವದ ಗಡಿಯ ಒಂದು ಠಾಣೆಗೆ ವರ್ಗವಾಯಿತು. ಅವರು ಹೊರಡುವವರೆಗಿನ ದಿನಗಳಲ್ಲಿ ನಾನು ಮಾಡಿದ್ದು ಇಷ್ಟು: ಕೋಣೆಯಲ್ಲಿ ಹೆಚ್ಚುವರಿಯಾಗಿ ಇಟ್ಟಿದ್ದ ಇನ್ನೊಂದು ಹುಲ್ಲಿನ ಉಷ್ಣಮಾಪಕವನ್ನು ತೆಗೆದು, ಪ್ರತಿ ಸಂಜೆ ಅದನ್ನು ತಗ್ಗಿನಲ್ಲಿ ಮಲಗಿಸಿ, ಮೊದಲಿನದನ್ನು ದಿಬ್ಬದಲ್ಲಿಯೇ ಬಿಟ್ಟು, ಬೆಳಗ್ಗೆ ಎರಡನ್ನೂ ಓದಿದೆ. ಪಹರೆಯವರು ಏನು ಬೇಕಾದರೂ ಕರೆಯಲಿ ಎನಿಸಿತ್ತು. ಶಾಂತ ರಾತ್ರಿಗಳಲ್ಲಿ ತಗ್ಗು ದಿಬ್ಬಕ್ಕಿಂತ ನಾಲ್ಕು ಡಿಗ್ರಿಯಷ್ಟು ತಣ್ಣಗಿರುತ್ತಿತ್ತು. ಅಷ್ಟು ವ್ಯತ್ಯಾಸವನ್ನು ನಾನು ಊಹಿಸಿರಲಿಲ್ಲ.

ಹೊರಡುವ ಹಿಂದಿನ ದಿನ ಸಾಹೇಬರು ತಮ್ಮ ಚೌಕುಳಿ ಕಾಗದಗಳನ್ನು ಒಯ್ಯಲು ಬಂದರು. ಹೊತ್ತು ಇಳಿಯುತ್ತಿತ್ತು. ಪಡಸಾಲೆಯ ಮೆಟ್ಟಿಲ ಮೇಲೆ ಕುಳಿತು ಚಹಾ ಕುಡಿದರು.

"ಒಂದು ರಾತ್ರೀನೂ ತಪ್ಪಸಲಿಲ್ಲ ನೀವು. ಗೆರಿ ಸುಳ್ಳಾತು, ಇರಲಿ. ನಿಮ್ಮ ಅಂಕಿ ಮಾತ್ರ ನಾ ಎಲ್ಲಿ ಹೋದ್ರೂ ಹೇಳಾಂವ."

ಆಗ ಹೇಳಿದೆ. ತಂತಿ, ಪಹರೆ, ಮೊಣಕಾಲು, ದಿಬ್ಬದ ಹುಲ್ಲು, ಅವರು ಬಂದಾಗಷ್ಟೇ ತಗ್ಗಿಗೆ ಹೋಗಿದ್ದು, ಎಲ್ಲವನ್ನೂ. ಅವರು ನನ್ನ ಕಡೆ ನೋಡಲಿಲ್ಲ. ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿ ಕೇಳಿದರು.

"ಎಷ್ಟ ಡಿಗ್ರಿ ಫರಕ?"

ಎರಡು ಸಾಲು ಅಂಕಿಗಳನ್ನು ಮುಂದಿಟ್ಟೆ. ಅಲ್ಲಿಯೇ ಪೆನ್ಸಿಲು ತೆಗೆದರು. ತಪ್ಪಿದ ಒಂದೊಂದು ದಿನದ ಚುಕ್ಕೆಯನ್ನೂ ಆ ವ್ಯತ್ಯಾಸದಷ್ಟು ಕೆಳಗಿಳಿಸಿದರು. ಬೆಳಕು ಸಾಲದೆ ಕಾಗದವನ್ನು ಮುಖದ ಹತ್ತಿರ ಹಿಡಿದುಕೊಂಡಿದ್ದರು.

"ಮಾಸ್ತರ! ಇಲ್ಲೆ ನೋಡ್ರಿ, ದಾಟ್ತು. ಇದೂ ದಾಟ್ತು. ವಿಮಾನದ ದಿನದ್ದು ನೋಡ್ರೀ, ಎಷ್ಟ ಕೆಳಗ ಹೋತು!" ತೊಡೆ ತಟ್ಟಿಕೊಂಡರು. ಆ ಕ್ಷಣ ಅವರು ನನ್ನ ಅಪರಾಧವನ್ನು ಮರೆತೇಬಿಟ್ಟಿದ್ದರು. "ಗೆರಿ ಸೊಟ್ಟ ಇಲ್ಲ!"

ಆಮೇಲೆ ನೆನಪಾಗಿರಬೇಕು. ಪೆನ್ಸಿಲು ಕೆಳಗಿಟ್ಟರು.

"ಆ ಸಿಪಾಯಿ ಹಂಗ ಮಾಡಿದ್ದ ದಿನಾನ ನನಗ ಹೇಳಬೇಕಿತ್ತು. ನಾ ಪಹರೆದವರಿಗೆ ಒಂದು ಚೀಟಿ ಬರದು ಕೊಟ್ಟಿದ್ರ ಮುಗೀತಿತ್ತು."

"ನಾಚಿಕಿ ಆತ್ರಿ."

"ನನ್ನ ಮುಂದ?"

ನಾನು ಖಾಲಿ ಕಪ್ಪುಬಸಿಗಳನ್ನು ಎತ್ತಿಟ್ಟೆ.

"ಇದನ್ನ ಬರದು ಕೊಡ್ತೀರೇನ್ರಿ?" ಎಂದರು. "ನಾನಾಗಿ ಹೇಳಿದ್ರ, ಸೋತಾಂವ ತನ್ನ ತಪ್ಪ ಬಡವನ ತಲಿಮ್ಯಾಲೆ ಹಾಕ್ಯಾನ ಅಂತಾರ. ನಿಮ್ಮ ಕೈಯಿಂದ ಬರಬೇಕು. ನಿಮಗ ಸುಳ್ಳು ಹೇಳಂಗಿಲ್ಲ ನಾನು. ನೌಕರಿ ಹೋಗಬಹುದು. ಯುದ್ಧದ ಕಾಲ, ವಿಮಾನ ಮುರದದ, ಅದಕ್ಕಿಂತ ಹೆಚ್ಚಿಂದೂ ಆಗಬಹುದು. ಬ್ಯಾಡಂದ್ರ ಈಗ ಬ್ಯಾಡನ್ರಿ, ನಾ ಏನೂ ಅನ್ಕೊಳ್ಳಂಗಿಲ್ಲ."

"ಬರೀತೀನ್ರಿ. ನಾಳೆ ಬೆಳಿಗ್ಗೆ ಸ್ಟೇಶನ್ನಿಗೇ ತಂದು ಕೊಡ್ತೀನಿ."

"ಗಾಡಿ ಹೊರಡೂದರಾಗ ಬರ್ರಿ. ಅಲ್ಲಿಂದನ ಹಿರಿಯರಿಗೆ ಕಳಸ್ತೀನಿ." ಎದ್ದು ನಿಂತು ಆಕಾಶ ನೋಡಿದರು. ಒದ್ದೆ ಉಷ್ಣಮಾಪಕವನ್ನು ಓದಿಕೊಂಡು ಬಂದು ಕಾಗದದ ಮೇಲೆ ಕೊನೆಯ ಒಂದು ಚುಕ್ಕೆ ಇಟ್ಟರು. "ನಾಳೆ ಮಂಜ ಬೀಳತದ. ಲಗೂನ ಠಾಣೆ ಬಿಡ್ರಿ."

ಅವರನ್ನು ನಾನು ನೋಡಿದ್ದು ಅದೇ ಕೊನೆ.

ಬರೆಯಲು ಕುಳಿತದ್ದು ನಿಜ. ಕಾಗದ ಹಾಸಿಕೊಂಡು ಮೊದಲ ಸಾಲಿನಲ್ಲಿ ನನ್ನ ಹೆಸರು ಬರೆದೆ. ಆ ಹೆಸರಿನ ಹಿಂದೆ ಊರಲ್ಲಿದ್ದ ಹೆಂಡತಿ ಬಂದು ನಿಂತಳು, ಜೈಲು ಬಂದು ನಿಂತಿತು. ಮಾಡಿದ್ದನ್ನು ಬಾಯಿಂದ ಹೇಳಿಯಾಗಿದೆ, ಅವರಿಗೆ ಸತ್ಯ ತಿಳಿದಿದೆ, ಇನ್ನೇನು ಎಂದು ಮನಸ್ಸು ವಾದ ಹೂಡಿತು. ಆ ವಾದವನ್ನು ಇಷ್ಟು ವರ್ಷ ಬೇರೆ ಬೇರೆ ಬಗೆಯಲ್ಲಿ ಹೂಡಿ ನೋಡಿದ್ದೇನೆ. ಅವರಿಗೆ ಬೇಕಾಗಿದ್ದುದು ನನ್ನ ಪಶ್ಚಾತ್ತಾಪವಲ್ಲ. ಒಂದು ಹಾಳೆ ಕಾಗದ ಮತ್ತು ನನ್ನ ರುಜು.

ಬೆಳಗಾದಾಗ ಮಂಜು ಬಿದ್ದಿತ್ತು. ಅವರು ಹೇಳಿದ ಹಾಗೆಯೇ ಹಳ್ಳದಿಂದ ಎದ್ದು, ಪಟ್ಟಿಯನ್ನು ಮುಚ್ಚಿ, ದಿಬ್ಬಕ್ಕೆ ಬಂದು, ಬಿಳಿ ಪೆಟ್ಟಿಗೆಯನ್ನೂ ಮರೆಮಾಡಿತ್ತು. ತಗ್ಗಿಗೆ ಇಳಿದು ಹೋಗಿ ಉಷ್ಣಮಾಪಕ ಓದಿದೆ. ಅವರ ಚುಕ್ಕೆಗೂ ಕಡ್ಡಿ ನಿಂತ ಜಾಗಕ್ಕೂ ಕೂದಲೆಳೆಯ ಅಂತರವಿರಲಿಲ್ಲ. ಆಗಲೂ ಹೊತ್ತು ಮೀರಿರಲಿಲ್ಲ. ಕೋಟು ಹಾಕಿಕೊಂಡು ಹೊರಟಿದ್ದರೆ ಗಾಡಿ ಸಿಗುತ್ತಿತ್ತು. ಕೋಣೆಗೆ ಮರಳಿ ಕುರ್ಚಿಯಲ್ಲಿ ಕುಳಿತೆ. ಗಾಡಿ ಹೊರಡುವ ಹೊತ್ತು ಕಳೆಯುವವರೆಗೆ ಕುಳಿತೇ ಇದ್ದೆ.

ಆಮೇಲೆ ಟೆಲಿಫೋನು ತಿರುಗಿಸಿದೆ. ಆ ತುದಿಯಲ್ಲಿ ಹೊಸ ದನಿ. ಇಂಗ್ಲಿಷಿನಲ್ಲಿ ಅಂಕಿಗಳನ್ನು ಕೇಳಿತು. ಒಣದ್ದು, ಒದ್ದೆಯದು, ಗಾಳಿ ಇಲ್ಲ, ಮಂಜು ದಟ್ಟ, ಹುಲ್ಲಿನದು ಇಷ್ಟು ಎಂದೆ. ಎಲ್ಲವೂ ಸರಿಯಾದ ಅಂಕಿಗಳು. ಬರೆದುಕೊಂಡದ್ದು ಕೇಳಿಸಿತು. ಬೇರೇನಾದರೂ ಹೇಳುವುದಿದೆಯೇ ಎಂದು ಆ ದನಿ ಕೇಳಿತು.

ಇಲ್ಲ ಎಂದೆ.